ಅಲುಗುವ ರೆಕ್ಕೆಗೆ ಎಷ್ಟು ಲೆಕ್ಕ ಬೇಕು?

1990ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿದ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷವಿದ್ದದ್ದು ಲೋಕಕ್ಕೆಲ್ಲ ಗೊತ್ತಾಯಿತು. ಅದಕ್ಕೆ ನಡುಕವೂ ಇತ್ತೆಂಬುದು ಹೆಚ್ಚು ಜನರಿಗೆ ತಿಳಿಯಲಿಲ್ಲ. ಸುಮಾರು 96 ನಿಮಿಷಕ್ಕೊಂದು ಸುತ್ತು ಬರುವ ಹಬಲ್, ಭೂಮಿಯ ನೆರಳಿನಿಂದ ಬಿಸಿಲಿಗೆ ಬಂದಾಗಲೂ ಬಿಸಿಲಿನಿಂದ ನೆರಳಿಗೆ ಸರಿದಾಗಲೂ ನಡುಗುತ್ತಿತ್ತು.

ನಡುಕ ಹುಟ್ಟುತ್ತಿದ್ದುದು ಸೌರಫಲಕಗಳಲ್ಲಿ. ಚಾಪೆಯಂತೆ ಸುರುಳಿ ಬಿಚ್ಚಿಕೊಳ್ಳುವ ಹಗುರ ಹಾಳೆಗಳವು. ತೆಳು ಉಕ್ಕಿನ ಕೊಳವೆಗಳು ಅವನ್ನು ಬಿಗಿದು ಹಿಡಿದಿದ್ದವು. ಬಿಸಿಲು ಬಿದ್ದ ಮಗ್ಗುಲು ಹಿಗ್ಗಿದರೆ ಕೊಳವೆ ಬಾಗುತ್ತದೆ. ಹಾಗೆ ಥಟ್ಟನೆ ಬಾಗಿದ ಫಲಕ ತೂಗಾಡತೊಡಗುತ್ತದೆ, ಒಂದು ತೂಗಾಟಕ್ಕೆ ಹತ್ತಿರ ಹತ್ತಿರ ಹತ್ತು ಸೆಕೆಂಡು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಬರುವುದು ಒಂದು ಆರ್ಕ್‌ಸೆಕೆಂಡ್. ಅದರ 0.007ಕ್ಕಿಂತ ಹೆಚ್ಚು ಅಲುಗಬಾರದೆಂದು ಕಟ್ಟಿದ ಯಂತ್ರಕ್ಕೆ ಇದು ದೊಡ್ಡ ಕಾಟ.

ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಹಿಡಿದವರಿಗೆ ಇಂಥ ತೂಗಾಟ ತಡೆಯುವ ಕಷ್ಟ ಗೊತ್ತು. ತುದಿ ಎಡಕ್ಕೆ ಓಲಿತೆಂದು ಬುಡವನ್ನು ಬಲಕ್ಕೆ ಎಳೆದರೆ, ಆ ಎಳೆತ ಮೇಲೆ ಮುಟ್ಟುವಷ್ಟರಲ್ಲಿ ತುದಿ ತಾನೇ ಬಲಕ್ಕೆ ಹೊರಟಿರುತ್ತದೆ. ತೂಗಾಟ ಇನ್ನೂ ಜೋರಾಗುತ್ತದೆ. ಹಬಲನ್ನು ತಿರುಗಿಸುವ ಚಕ್ರಗಳೂ ಹೊತ್ತು ತಪ್ಪಿ ತಳ್ಳಿದರೆ ಆಗುವುದು ಇದೇ. ಹೊತ್ತು ತಿಳಿಯಬೇಕಾದರೆ ರಚನೆ ಹೇಗೆ ಬಾಗುತ್ತದೆಂಬ ಗಣಿತದ ಚಿತ್ರ, ಅಂದರೆ ಮಾದರಿ, ಕೈಯಲ್ಲಿರಬೇಕು.

ಎಂಥ ಮಾದರಿ? ರಚನೆಯನ್ನು ಸಾವಿರಾರು ತುಣುಕುಗಳಾಗಿ ಒಡೆದು ಲೆಕ್ಕ ಹಾಕಿದರೆ ಕಂಪನದ ಸಾವಿರಾರು ಬಗೆಗಳು ಸಿಗುತ್ತವೆ. ಅವನ್ನೆಲ್ಲ ಚಕ್ರಗಳನ್ನು ನಡೆಸುವ ನಿಯಂತ್ರಕಕ್ಕೆ ತುರುಕುವುದು ಜಾಣತನವಲ್ಲ. ಮೇಲುಮೇಲಿನ ಕಂಪನಗಳ ಲೆಕ್ಕ ನಂಬುವಂತಿರುವುದಿಲ್ಲ, ಸುಳ್ಳು ಲೆಕ್ಕ ನಂಬಿದ ನಿಯಂತ್ರಕ ದಾರಿ ತಪ್ಪುತ್ತದೆ. ಬಿಸಿಲು ಯಾವುದನ್ನು ಕೆಣಕುತ್ತದೆ, ಸಂವೇದಕಕ್ಕೆ ಯಾವುದು ತಾಗುತ್ತದೆ, ಚಕ್ರಗಳ ವೇಗಕ್ಕೆ ಯಾವುದು ಹತ್ತಿರವಿದೆ ಎಂದು ನೋಡಿ ಬೆರಳೆಣಿಕೆಯಷ್ಟನ್ನು ಇಟ್ಟುಕೊಳ್ಳಬೇಕು. ಬಿಟ್ಟವನ್ನು ಮರೆಯುವಂತಿಲ್ಲ, ಅವುಗಳ ಆವರ್ತನದಲ್ಲಿ ನಿಯಂತ್ರಕ ಕೈಯಾಡಿಸದಂತೆ ಶೋಧಕ (ಫಿಲ್ಟರ್) ಇಡಬೇಕು. ನನಗೆ ಇದು ಲೆಕ್ಕಕ್ಕಿಂತ ವಿವೇಕದ ಕೆಲಸವಾಗಿಯೇ ಕಾಣುತ್ತದೆ.

ತೀರಾ ಕಡಿಮೆ ಮಾಡಿದರೂ ಅಪಾಯವೇ. 1958ರ ಜನವರಿ 31ರಂದು ಹಾರಿದ ಎಕ್ಸ್‌ಪ್ಲೋರರ್-1 ಉಪಗ್ರಹವನ್ನು ಬಾಗದ ದಂಡವೆಂದೇ ಎಣಿಸಿದ್ದರು. ಅದರ ನಾಲ್ಕು ಬಳುಕುವ ಆಂಟೆನಾಗಳು ತಿರುಗಾಟದ ಶಕ್ತಿಯನ್ನು ಕರಗಿಸಿದವು. ಉದ್ದನೆಯ ಅಕ್ಷದ ಸುತ್ತ ಬುಗುರಿಯಂತೆ ತಿರುಗಬೇಕಿದ್ದ ಉಪಗ್ರಹ ಅಡ್ಡಕ್ಕೆ ಪಲ್ಟಿ ಹೊಡೆಯತೊಡಗಿತು.

ಹಬಲ್ ಎಂಜಿನಿಯರುಗಳು ಕಕ್ಷೆಯಲ್ಲೇ ಅಳೆದ ಕಂಪನಗಳಿಂದ ಮಾದರಿಯನ್ನು ತಿದ್ದಿ, ಹೊಸ ನಿಯಂತ್ರಣ ಸೂತ್ರವನ್ನು ನೆಲದಿಂದ ಕಳಿಸಿದರು. ನಡುಕ ಬಹಳ ಮಟ್ಟಿಗೆ ತಗ್ಗಿತು. 1993ರ ಡಿಸೆಂಬರ್‌ನಲ್ಲಿ ನೌಕೆಯಲ್ಲಿ ಹೋದ ಗಗನಯಾತ್ರಿಗಳು ಫಲಕಗಳನ್ನೇ ಬದಲಿಸಿದರು. ಹಳೆಯ ಎರಡರಲ್ಲಿ ಒಂದು ಸೊಟ್ಟಗಾಗಿ ಪೂರ್ತಿ ಸುತ್ತಿಕೊಳ್ಳಲಿಲ್ಲ. ಗಗನಯಾತ್ರಿ ಕ್ಯಾಥರಿನ್ ಥಾರ್ನ್‌ಟನ್ ಅದನ್ನು ಕೈಯಲ್ಲಿ ಹಿಡಿದು ಬಾಹ್ಯಾಕಾಶಕ್ಕೆ ಬಿಟ್ಟುಕೊಟ್ಟರು. ನೌಕೆ ದೂರ ಸರಿಯಲು ಹೊಮ್ಮಿಸಿದ ಅನಿಲ ತಾಗಿ, ಫಲಕ ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುತ್ತ ಸಾಗಿತು.