ಟುಕ್ ಟುಕ್ ಹೋಗಿ ಗುಂಯ್ ಬಂದಾಗ

ಹಾವೇರಿ, ರಾಣೆಬೆನ್ನೂರು ಕಡೆಯ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿ ಮುಂದೆ ಜೋಳದ ಡಬ್ಬಿ ಇಟ್ಟು ಪಾಳಿ ಕಾದವರಿಗೆ ಆ ಸದ್ದು ಇನ್ನೂ ಕಿವಿಯಲ್ಲಿರುತ್ತದೆ: ಟುಕ್ ಟುಕ್ ಟುಕ್. ತಾಳ ಹಾಕಬಹುದಾದ ಸದ್ದು. ಕರೆಂಟು ಬರುವ ಮೊದಲು ಗಿರಣಿಗೂ ಹೊಳೆದಂಡೆಯ ಪಂಪಿಗೂ ಈ ಜಾತಿಯ ಡೀಸೆಲ್ ಎಂಜಿನ್ನೇ ಗತಿ. ಎರಡು ಬದಿಗೆ ಎರಡು ದೊಡ್ಡ ಎರಕದ ಗಾಲಿ, ಪಕ್ಕದಲ್ಲಿ ತಂಪಿಗೊಂದು ನೀರಿನ ಡ್ರಮ್ಮು. ಚಾಲೂ ಮಾಡುವುದೇ ಒಂದು ವಿದ್ಯೆ. ಮೇಲಿನ ಪುಟ್ಟ ಲಿವರ್ ಎತ್ತಿ ಸಿಲಿಂಡರಿನ ಗಾಳಿಗೆ ದಾರಿ ಬಿಡಬೇಕು, ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ಮೊದಲ ಎರಡು ಸುತ್ತಿಗೆ ಬೆನ್ನು ಮುರಿಯುತ್ತದೆ, ಆಮೇಲೆ ಗಾಲಿಯೇ ಕೈಯನ್ನು ಎಳೆದುಕೊಂಡು ಹೋಗುತ್ತದೆ. ಆಗ ಲಿವರ್ ಬಿಟ್ಟರೆ ಮೊದಲ ಟುಕ್.

ಈ ಎಂಜಿನ್ನಿನ ಮೂಲ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ. 1929ರ ಸುಮಾರಿಗೆ ಹುಟ್ಟಿದ ವಿನ್ಯಾಸವನ್ನು ನಮ್ಮ ರಾಜಕೋಟೆಯ ಕಾರ್ಖಾನೆಗಳು ಅನುಕರಿಸಿ ದೇಶಕ್ಕೆಲ್ಲ ಹಂಚಿದವು. ಸಿಲಿಂಡರು ಸುಮಾರು 1.4 ಲೀಟರ್, ನಿಮಿಷಕ್ಕೆ 650 ಸುತ್ತು, ಶಕ್ತಿ 6 ಅಶ್ವಶಕ್ತಿ, ತೂಕ 300 ಕಿಲೋ ಮೀರಿದ್ದು. ಈಗ ಅಂಗಡಿಯಲ್ಲಿ ಸಿಗುವ 196 ಸಿಸಿಯ ಪೆಟ್ರೋಲ್ ಎಂಜಿನ್ ನೋಡಿ. ಸುಮಾರು ಐದೂವರೆ ಅಶ್ವಶಕ್ತಿ, ತೂಕ 16 ಕಿಲೋ. ಹೊಳೆ ಏರಿದಾಗ ಹಳೆಯದನ್ನು ದಂಡೆಯಿಂದ ಮೇಲಕ್ಕೆ ತರಲು ಎತ್ತು, ಹಗ್ಗ, ಓಣಿಯ ಮಂದಿಯೆಲ್ಲ ಬೇಕು. ಹೊಸದನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಬರಬಹುದು.

ಹಾಗಾದರೆ ಆ ಉಳಿದ ಮುನ್ನೂರು ಕಿಲೋ ಕಬ್ಬಿಣ ದಂಡವೇ? ದೋಣಿಯಲ್ಲಿ ಕೂರಿಸಿದ ಇಂಥದೇ ಹಳೆಯ ಭಾರಿ ಎಂಜಿನ್ ಕಳಚಿ ಹಗುರದ್ದನ್ನು ಕೂರಿಸಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ದಂಡವಲ್ಲ ಎಂಬುದು ನನ್ನ ಉತ್ತರ. ಆ ಭಾರಕ್ಕೆ ಅದರದೇ ಕೆಲಸಗಳಿದ್ದವು.

ಮೊದಲ ಕೆಲಸ ಗಾಲಿಯದು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ದುಡಿಯುತ್ತದೆ. ಗಾಳಿ ಎಳೆಯುವುದು, ಒತ್ತುವುದು, ಹೊಗೆ ಹೊರಹಾಕುವುದು, ಈ ಮೂರೂ ಹೊಡೆತಗಳಲ್ಲಿ ಅದು ಸಾಲಗಾರ. ಸಾಲ ಕೊಡುವುದು ತಿರುಗುವ ಗಾಲಿ. 650 ಸುತ್ತಿನ ಎಂಜಿನ್‌ಗೆ ಸೆಕೆಂಡಿಗೆ ಐದೇ ಟುಕ್. ಅಷ್ಟು ಹೊತ್ತು ಓಟ ಹಿಡಿದಿಡಲು ಗಾಲಿ ಭಾರವಾಗಿರಲೇಬೇಕು. ಸಣ್ಣ ಎಂಜಿನ್ ನಿಮಿಷಕ್ಕೆ 3600 ಸುತ್ತು ಹೊಡೆಯುತ್ತದೆ, ಅಂದರೆ ಸೆಕೆಂಡಿಗೆ ಮೂವತ್ತು ಸ್ಫೋಟ. ಕಿವಿಗೆ ಅದು ಎಣಿಸಲಾರದ ಗುಂಯ್. ಗಾಲಿಯಲ್ಲಿ ಕೂಡಿಟ್ಟ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಐದೂವರೆ ಪಟ್ಟಾದರೆ ಅದೇ ಗಾಲಿಯಲ್ಲಿ ಮೂವತ್ತು ಪಟ್ಟು ಶಕ್ತಿ. ಹಾಗಾಗಿ ಊಟದ ತಟ್ಟೆಯಷ್ಟು ಗಾಲಿ ಸಾಕು. ಪೆಟ್ರೋಲ್ ಎಂಜಿನ್‌ನಲ್ಲಿ ಒತ್ತಡವೂ ಡೀಸೆಲ್ಲಿನಷ್ಟಿಲ್ಲದ ಕಾರಣ ಮೈಯನ್ನು ಅಲ್ಯೂಮಿನಿಯಮ್ಮಿನಲ್ಲಿ ಎರೆಯಬಹುದು. ಅದರ ತೂಕ ಕಬ್ಬಿಣದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ಅಶ್ವಶಕ್ತಿ ಒಂದೇ ಆದರೂ ತಿರುಚುವ ಬಲ ಒಂದೇ ಅಲ್ಲ. ನಿಧಾನದ ಎಂಜಿನ್ನಿನ ದಂಡ ಚಿಕ್ಕದರ ಆರು ಪಟ್ಟು ಬಲದಲ್ಲಿ ತಿರುಚುತ್ತದೆ. ಚಿಕ್ಕದು ಆ ಕೊರತೆಯನ್ನು ಓಡಿ ಓಡಿ ತುಂಬುತ್ತದೆ. ದೋಣಿಯಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ.

ಈಗ ಹೊಳೆಗೆ ಇಳಿಯೋಣ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯ ಮೇಲಿದೆ. ಮುಕ್ತೇಶ್ವರ ದೇವಾಲಯದ ಊರು, 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಊರು. ಅಲ್ಲಿಂದ ಕೆಳಗೆ ಗಳಗನಾಥದಲ್ಲಿ ವರದೆ ಬಂದು ಕೂಡುತ್ತಾಳೆ. ಈ ನೀರಿನ ಹಳೆಯ ವಾಹನ ಹರಿಗೋಲು. ಅದಕ್ಕೆ ಎಂಜಿನ್ ಕಟ್ಟುವ ಸಾಹಸ ಬೇಡ. ದುಂಡಗಿನ ದೋಣಿಯ ಅಂಚಿಗೆ ಎಂಜಿನ್ ನೇತುಹಾಕಿದರೆ ಅದು ಮುಂದೆ ಹೋಗುವುದಕ್ಕಿಂತ ಬುಗುರಿಯಂತೆ ತಿರುಗಲು ನೋಡುತ್ತದೆ. ಉದ್ದನೆಯ ದೋಣಿಯ ಮಾತು ಆಡೋಣ.

ಐದು ಮೀಟರ್ ಉದ್ದ, ಸರಾಸರಿ 1.2 ಮೀಟರ್ ಅಗಲದ ದೋಣಿ ಎಂದುಕೊಳ್ಳಿ. ನೀರಿನ ಮೇಲೆ ಅದು ಸುಮಾರು 6 ಚದರ ಮೀಟರ್ ಜಾಗ ಹಿಡಿಯುತ್ತದೆ. 300 ಕಿಲೋ ಇಳಿಸಿದರೆ 300 ಲೀಟರ್ ನೀರನ್ನು ಸರಿಸುವ ಕೆಲಸ ತಪ್ಪಿತು, ದೋಣಿ 5 ಸೆಂಟಿಮೀಟರ್ ಮೇಲೇರುತ್ತದೆ. ನಾಲ್ಕೈದು ಜನರನ್ನು ಹೆಚ್ಚಿಗೆ ಕೂರಿಸಬಹುದು. ಲಾಭವೇ. ಆದರೆ ಹಳೆಯ ಎಂಜಿನ್ ದೋಣಿಯ ಹೊಟ್ಟೆಯೊಳಗೆ, ತಳಕ್ಕೆ ಅಂಟಿಕೊಂಡು ಕೂತಿತ್ತು. ಆ ಭಾರವೇ ದೋಣಿಯನ್ನು ಹೊಯ್ದಾಡದಂತೆ ಹಿಡಿದಿತ್ತು. ಬ್ಯಾಡಗಿ ಮಾರುಕಟ್ಟೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಲಾರಿಯನ್ನು ತಿರುವಿನಲ್ಲಿ ನೋಡಿದ್ದೀರಲ್ಲ? ಒಣಮೆಣಸಿನಕಾಯಿ ಹಗುರ, ಹೇರು ಮಾತ್ರ ಮುಗಿಲೆತ್ತರ. ಅದೇ ರಸ್ತೆಯಲ್ಲಿ ಕಬ್ಬಿಣದ ಸರಳು ಹೊತ್ತ ಲಾರಿ ಗಟ್ಟಿಯಾಗಿ ಹೋಗುತ್ತದೆ. ತಳದ ಭಾರ ತೆಗೆದ ದೋಣಿ ಮೆಣಸಿನಕಾಯಿ ಲಾರಿಯಾಗುತ್ತದೆ.

ಹಗುರ ಎಂಜಿನ್ ಸಾಮಾನ್ಯವಾಗಿ ಹಿಂದಿನ ಹಲಗೆಗೆ ನೇತಾಡುತ್ತದೆ. ಅದನ್ನು ನಡೆಸುವವನೂ ಹಿಂದೆಯೇ ಕೂರುತ್ತಾನೆ, ಪೆಟ್ರೋಲ್ ಡಬ್ಬಿಯೂ ಅಲ್ಲೇ. ಚಕ್ಕಡಿಯಲ್ಲಿ ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುವಂತೆ ದೋಣಿಯ ಮೂತಿ ಮೇಲೇಳುತ್ತದೆ, ಹಿಂಭಾಗ ನೀರು ಕುಡಿಯುವಷ್ಟು ಕುಸಿಯುತ್ತದೆ. ಪರಿಹಾರ ಸರಳ: ಡಬ್ಬಿಯನ್ನು ಮುಂದಕ್ಕೆ ಸರಿಸಿ, ತಳದಲ್ಲಿ ಒಂದೆರಡು ಮರಳು ಚೀಲ ಬಿಗಿಯಾಗಿ ಕಟ್ಟಿ.

ಇನ್ನೊಂದು ಪಾಠ ಪ್ರೊಪೆಲ್ಲರಿನದು. ನೀರನ್ನು ಹಿಂದಕ್ಕೆ ತಳ್ಳಿದಷ್ಟೇ ದೋಣಿ ಮುಂದೆ ಹೋಗುತ್ತದೆ. ಅದೇ ತಳ್ಳುವಿಕೆಯನ್ನು ಸ್ವಲ್ಪ ನೀರನ್ನು ಜೋರಾಗಿ ಎಸೆದೂ ಪಡೆಯಬಹುದು, ಬಹಳ ನೀರನ್ನು ಮೆಲ್ಲಗೆ ನೂಕಿಯೂ ಪಡೆಯಬಹುದು. ಎರಡು ಪಟ್ಟು ನೀರನ್ನು ಅರ್ಧ ವೇಗದಲ್ಲಿ ನೂಕಿದರೆ ನೀರಿಗೆ ಕೊಡುವ ಶಕ್ತಿಯ ಖರ್ಚು ಅರ್ಧ. ಹಾಗಾಗಿ ದೊಡ್ಡ, ನಿಧಾನದ ರೆಕ್ಕೆ ಉಳಿತಾಯದ್ದು. ಟುಕ್ ಟುಕ್ ಎಂಜಿನ್ ಅದನ್ನು ನೇರವಾಗಿ ತಿರುಗಿಸಬಲ್ಲದು. 3600 ಸುತ್ತಿನದನ್ನು ನೇರವಾಗಿ ಜೋಡಿಸಿದರೆ ದೊಡ್ಡ ರೆಕ್ಕೆಗೆ ಎಂಜಿನ್ ಉಸಿರುಗಟ್ಟುತ್ತದೆ, ಸಣ್ಣ ರೆಕ್ಕೆಯಾದರೆ ನೀರು ಕಡೆಯುತ್ತದೆ: ಮಜ್ಜಿಗೆ ಮಾಡಿದಂತೆ ನೊರೆ, ಓಟ ಇಲ್ಲ. ಅದಕ್ಕೇ ಹಿಂದೆ ನೇತುಹಾಕುವ ತಯಾರಿ ಎಂಜಿನ್‌ಗಳ ಕಾಲಿನೊಳಗೆ ಹಲ್ಲುಗಾಲಿ ಇಟ್ಟು ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿರುತ್ತಾರೆ. ಎಂಜಿನ್ ಬದಲಿಸಿ ರೆಕ್ಕೆ ಹಳೆಯದನ್ನೇ ಉಳಿಸಿಕೊಂಡವರು ಸಾಮಾನ್ಯವಾಗಿ ಬೈಯುವುದು ಎಂಜಿನ್ನನ್ನು.

ಥಾಯ್ಲೆಂಡಿನವರ ಉಪಾಯ ಬೇರೆ. ಅಲ್ಲಿನ ಉದ್ದಬಾಲದ ದೋಣಿಗಳಲ್ಲಿ ನೆಲದ ಮೇಲೆ ಬಳಸುವ ಎಂಜಿನ್ನನ್ನೇ ಹಿಂಭಾಗದ ಗೂಟದ ಮೇಲೆ ಕೂರಿಸಿ, ಅದರಿಂದ ಉದ್ದ ಸರಳು ಚಾಚಿ ತುದಿಗೆ ರೆಕ್ಕೆ ಕಟ್ಟುತ್ತಾರೆ. ಅದೊಂದು ಏತ. ಇತ್ತ ಎಂಜಿನ್ನಿನ ಭಾರ, ಅತ್ತ ಸರಳಿನ ಭಾರ. ಅಲ್ಲಿ ಎಂಜಿನ್ ತೀರಾ ಹಗುರಾದರೆ ಬಾಲವನ್ನು ನೀರಿನಿಂದ ಎತ್ತುವುದೇ ಕಷ್ಟ.

ಇನ್ನು ತಂಪಿನ ಮಾತು. ಗಾಳಿಯಿಂದ ತಣಿಯುವ ಸಣ್ಣ ಎಂಜಿನ್ನನ್ನು ಹಳೆಯದರ ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದರೆ ಬೆಂದುಹೋಗುತ್ತದೆ. ನೇತುಹಾಕುವ ಎಂಜಿನ್ ಹೊಳೆಯ ನೀರನ್ನೇ ರಬ್ಬರ್ ಪಂಪಿನಿಂದ ಹೀರಿ ತಣಿಯುತ್ತದೆ. ನೆರೆಯ ಕೆಸರು, ಮರಳು ಆ ರಬ್ಬರನ್ನು ಸವೆಸುತ್ತವೆ. ಓಡುವಾಗ ಎಂಜಿನ್ನಿನ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನಿಂತಿತೆಂದರೆ ಕೂಡಲೇ ಆರಿಸಿ.

ಇಷ್ಟೆಲ್ಲ ಹೇಳಿ ನಾನು ಯಾವ ಕಡೆ? ದಿನವಿಡೀ ಒಂದೇ ಲಯದಲ್ಲಿ ದುಡಿಯುವ ದೋಣಿಗೆ ನಿಧಾನದ ಡೀಸೆಲ್ಲೇ ಸರಿ. ಎಣ್ಣೆ ಕಡಿಮೆ ಕುಡಿಯುತ್ತದೆ, ಬಾಳಿಕೆ ಹೆಚ್ಚು. ಆದರೆ 2019ರ ಆಗಸ್ಟಿನಂತೆ ವರದೆ ಉಕ್ಕಿದಾಗ ಬೇಕಾಗುವುದು ಜೀಪಿನಿಂದ ಇಳಿಸಿ, ಕೆಸರಿನಲ್ಲಿ ಹೊತ್ತು, ಹಗ್ಗ ಎಳೆದು ಚಾಲೂ ಮಾಡುವ ದೋಣಿ. ಅಲ್ಲಿ ಹಗುರ ಎಂಜಿನ್‌ಗೆ ಎರಡನೇ ಮಾತಿಲ್ಲ.

ಬದಲಿಸುವವರು ಹಳೆಯ ಎಂಜಿನ್ ಕಳಚುವ ಮುನ್ನ ಒಂದು ಬ್ರಷ್ಷು, ಒಂದಿಷ್ಟು ಬಣ್ಣ ತನ್ನಿ. ದೋಣಿಯ ಮೂತಿಯಲ್ಲೊಂದು, ಹಿಂಬದಿಯಲ್ಲೊಂದು, ಎಡಬಲಕ್ಕೆ ಒಂದೊಂದು, ನೀರು ತಾಗುವಲ್ಲಿ ಗೆರೆ ಎಳೆಯಿರಿ. ಹೊಸದನ್ನು ಕೂರಿಸಿದ ಮೇಲೆ ನಾಲ್ಕೂ ಗೆರೆ ನೀರಿನಿಂದ ಒಂದೇ ಎತ್ತರದಲ್ಲಿವೆಯೇ ನೋಡಿ. ಇಲ್ಲದಿದ್ದರೆ ಜನರನ್ನು ಹತ್ತಿಸಬೇಡಿ.