ಕುಂಡದ ಎಲೆಗಿಡ: ಮಾರುವ ಮುನ್ನ ನೆರಳಿಗೆ ಪಳಗಿಸಿ

ಯಲಹಂಕ, ಹೆಬ್ಬಾಳದ ಸುತ್ತಮುತ್ತ ಹಿಂದೆ ದ್ರಾಕ್ಷಿ, ತರಕಾರಿ ಬೆಳೆಯುತ್ತಿದ್ದ ಭೂಮಿಯಲ್ಲಿ ಈಗ ಕೆಲವರು ಹತ್ತಿಪ್ಪತ್ತು ಗುಂಟೆಗೆ ನೆರಳು ಪರದೆ ಕಟ್ಟಿ, ಅಂದದ ಎಲೆಗಿಡಗಳನ್ನು ಕುಂಡದಲ್ಲಿ ಬೆಳೆಸುತ್ತಿದ್ದಾರೆ. ಆರ್.ಟಿ. ನಗರ, ಯಶವಂತಪುರದ ಮನೆಗಳು, ಕಚೇರಿಗಳು ಹತ್ತಿರವೇ ಇರುವುದರಿಂದ ಗಿರಾಕಿಗೆ ಕೊರತೆಯಿಲ್ಲ. ಆದರೆ ಒಂದು ದೂರು ಸಾಮಾನ್ಯ: "ನಿಮ್ಮಲ್ಲಿ ಸೊಂಪಾಗಿತ್ತು, ನಮ್ಮ ಮನೆಗೆ ಬಂದು ಹದಿನೈದು ದಿನಕ್ಕೆ ಎಲೆಯೆಲ್ಲ ಉದುರಿತು." ಗಿರಾಕಿ ನೀರು ಸರಿಯಾಗಿ ಹಾಕಲಿಲ್ಲವೆಂದು ನೀವು ಭಾವಿಸುವುದು ಸಹಜ. ಬಹಳ ಸಲ ಕಾರಣ ನಿಮ್ಮ ತೋಟದಲ್ಲೇ ಇರುತ್ತದೆ.

ಬೆಳಕಿನ ಲೆಕ್ಕವನ್ನು ನೋಡಿ. ನಡುಹಗಲಿನ ಬಯಲು ಬಿಸಿಲು ಸುಮಾರು 1,00,000 ಲಕ್ಸ್. ಶೇ. 50ರ ಪರದೆಯ ಕೆಳಗೆ ಅದರ ಅರ್ಧ ಉಳಿಯುತ್ತದೆ. ಮನೆಯೊಳಗೆ ಕಿಟಕಿಯ ಬಳಿ ಒಂದೆರಡು ಸಾವಿರ ಲಕ್ಸ್ ಸಿಕ್ಕರೆ ಹೆಚ್ಚು. ಕೋಣೆಯ ಮೂಲೆಯಲ್ಲಿ ಕೆಲವು ನೂರು ಮಾತ್ರ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ. ಗಿಡಕ್ಕೆ ಅದು ಹೊಟ್ಟೆಪಾಡಿನ ಪ್ರಶ್ನೆ.

ಬಿಸಿಲಿನಲ್ಲಿ ಬಂದ ಎಲೆ ದಪ್ಪ, ಚಿಕ್ಕದು. ಅದರ ಉಸಿರಾಟದ ಖರ್ಚೂ ಹೆಚ್ಚು. ನೆರಳಿನಲ್ಲಿ ಬಂದ ಎಲೆ ತೆಳು, ಅಗಲ. ಸ್ವಲ್ಪ ಬೆಳಕಿನಲ್ಲೇ ತನ್ನ ಖರ್ಚನ್ನು ತೂಗಿಸಿಕೊಳ್ಳುತ್ತದೆ. ಬಿಸಿಲಿನ ಗಿಡವನ್ನು ಒಮ್ಮೆಲೇ ಕೋಣೆಗೆ ಒಯ್ದರೆ ಆದಾಯಕ್ಕಿಂತ ಖರ್ಚು ಮಿಕ್ಕಿ, ಅದು ಹಳೆಯ ಎಲೆಗಳನ್ನು ಉದುರಿಸಿ ಪ್ರಾಣ ಉಳಿಸಿಕೊಳ್ಳಲು ಯತ್ನಿಸುತ್ತದೆ. ಫೈಕಸ್ ಬೆಂಜಮಿನಾದಲ್ಲಿ ಇದು ಎಲ್ಲಕ್ಕಿಂತ ಸ್ಪಷ್ಟ. ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಕಾನೊವರ್ ಮತ್ತು ಪೂಲ್ ಎಂಬ ವಿಜ್ಞಾನಿಗಳು ಇಂತಹ ಗಿಡಗಳನ್ನು ಮಾರುವ ಮುನ್ನ ನೆರಳಿಗೆ ಪಳಗಿಸುವ ಕ್ರಮವನ್ನು ವಿವರವಾಗಿ ಅಭ್ಯಸಿಸಿದರು. ಅದು ನಮ್ಮಲ್ಲಿಯೂ ಅನುಸರಿಸತಕ್ಕದ್ದೇ.

ಕ್ರಮ ಸುಲಭ. ಗಿಡ ಮಾರಾಟದ ಗಾತ್ರಕ್ಕೆ ಬಂದ ಮೇಲೆ ಶೇ. 75 ರಿಂದ 80ರಷ್ಟು ನೆರಳಿರುವ ಜಾಗಕ್ಕೆ ಸಾಗಿಸಿ, ನಾಲ್ಕರಿಂದ ಆರು ವಾರ ಇಡಿ. ಆಳೆತ್ತರದ ಫೈಕಸ್ಸಿಗೆ ಎರಡು ಮೂರು ತಿಂಗಳು ಬೇಕಾದೀತು. ಈ ಅವಧಿಯಲ್ಲಿ ಗೊಬ್ಬರವನ್ನು ಅರ್ಧಕ್ಕೆ ಇಳಿಸಿ, ಕೊನೆಯ ಎರಡು ವಾರ ಪೂರ್ತಿ ನಿಲ್ಲಿಸಿ. ಯೂರಿಯಾ ಕೊಟ್ಟು ಕಡುಹಸಿರಾಗಿಸಿದ ಗಿಡ ಅಂಗಡಿಯಲ್ಲಿ ಬೇಗ ಮಾರಾಟವಾಗಬಹುದು, ಆದರೆ ಕೋಣೆಯಲ್ಲಿ ಬೇಗ ಕೆಡುವುದೂ ಅದೇ. ಸಾಗಿಸುವ ಮುನ್ನ ಒಮ್ಮೆ ಕುಂಡದ ಗಾತ್ರದ ಎರಡರಷ್ಟು ನೀರು ಹಾಯಿಸಿ, ತಳದ ತೂತಿನಿಂದ ಹರಿದುಹೋಗಲು ಬಿಟ್ಟರೆ ಮಿಶ್ರಣದಲ್ಲಿ ಉಳಿದ ಉಪ್ಪು ತೊಳೆದುಹೋಗುತ್ತದೆ. ಒಂದು ತಿಂಗಳು ಜಾಗ ಹಿಡಿಯುತ್ತದೆಂಬ ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು. ಎಲ್ಲ ಗಿಡಕ್ಕೂ ಆಗದಿದ್ದರೆ ಕಚೇರಿಗಳಿಗೆ ಬಾಡಿಗೆಗೆ ಕೊಡುವ ಗಿಡಗಳಿಗಾದರೂ ಮಾಡಿ. ಅಲ್ಲಿ ಸತ್ತ ಗಿಡವನ್ನು ಬದಲಿಸಿಕೊಡುವ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ ಬರುತ್ತದೆ.

ಕ್ರೋಟನ್‌ಗೆ ಮಾತ್ರ ಈ ಮಾತು ಪೂರ್ತಿ ಹೊಂದದು. ಬೆಳಕು ಕಡಿಮೆಯಾದರೆ ಅದರ ಹೊಸ ಎಲೆಗಳಲ್ಲಿ ಕೆಂಪು, ಹಳದಿ ಬಣ್ಣ ಮಾಸುತ್ತದೆ. ಆದ್ದರಿಂದ ಅದನ್ನು ಕೋಣೆಯ ಗಿಡವೆಂದು ಮಾರದೆ, ಬಿಸಿಲು ಬೀಳುವ ಜಗಲಿ, ತಾರಸಿಗೆಂದು ಹೇಳಿ ಮಾರುವುದು ಒಳ್ಳೆಯದು. ಮನಿ ಪ್ಲಾಂಟಿನ ಹಳದಿ ಪಟ್ಟೆಗಳೂ ಕತ್ತಲಲ್ಲಿ ಹಸಿರಾಗುತ್ತವೆ, ಆದರೂ ಗಿಡ ಬದುಕುತ್ತದೆ.

ಡ್ರಸೀನ, ಸ್ಪೈಡರ್ ಪ್ಲಾಂಟ್‌ಗಳ ಎಲೆ ತುದಿ ಕಂದಾಗಿ ಒಣಗುತ್ತಿದ್ದರೆ ರೋಗವೆಂದು ಔಷಧ ಹೊಡೆಯಲು ಹೋಗಬೇಡಿ. ಈ ಗಿಡಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ. ಸೂಪರ್ ಫಾಸ್ಫೇಟಿನಲ್ಲಿ ಫ್ಲೋರೈಡ್ ಇರುವುದರಿಂದ ಇವುಗಳ ಮಿಶ್ರಣಕ್ಕೆ ಅದನ್ನು ಸೇರಿಸಬಾರದು. ಕೊಳವೆ ಬಾವಿಯ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಗಡಸು ನೀರಾದರೆ ಕಾಲಕ್ರಮೇಣ ಮಿಶ್ರಣದ ಕ್ಷಾರತೆ ಏರಿ, ಕಬ್ಬಿಣ ಸಿಗದೆ ಎಳೆಯ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಳೆನೀರು ಹಿಡಿದಿಟ್ಟುಕೊಂಡವರಿಗೆ ಈ ತೊಂದರೆ ಕಡಿಮೆ. ತೆಂಗಿನ ನಾರಿನ ಪುಡಿ ಬಳಸುವವರು ಹಸಿ ಪುಡಿಯನ್ನು ನೇರವಾಗಿ ತುಂಬದೆ, ಚೆನ್ನಾಗಿ ತೊಳೆದು ಕಳಿಸಿದ್ದನ್ನೇ ತುಂಬಬೇಕು.

ನಮ್ಮಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಒಣ ಗಾಳಿಗೆ ಎಲೆಯ ಅಡಿಯಲ್ಲಿ ನುಸಿ ಹೆಚ್ಚುತ್ತದೆ. ಬೆಳಗಿನ ಹೊತ್ತು ಎಲೆಯ ಕೆಳಭಾಗಕ್ಕೆ ನೀರು ಚಿಮುಕಿಸಿ, ಸಂಜೆಯೊಳಗೆ ಒಣಗುವಂತೆ ನೋಡಿಕೊಳ್ಳಿ. ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ಅಗ್ಲೋನಿಮಾ, ಡಿಫೆನ್‌ಬಾಕಿಯಾಗಳ ಬೆಳವಣಿಗೆ ಕುಂಠಿತವಾಗುತ್ತದೆ. ಆಗ ನೀರನ್ನು ಕಡಿಮೆ ಮಾಡದಿದ್ದರೆ ಬೇರು ಕೊಳೆಯುತ್ತದೆ. ಗಿಡ ಕೊಡುವಾಗ ಅದನ್ನು ಎಷ್ಟು ನೆರಳಿನಲ್ಲಿ, ಎಷ್ಟು ವಾರ ಇಟ್ಟಿದ್ದಿರೆಂದು ಒಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಕಟ್ಟಿಕೊಡಿ.