ಕಟ್ಟು ಕಟ್ಟುವ ಆಟದಲ್ಲಿ ಅದೃಷ್ಟದ ಪಾಲು

ಇಸ್ಪೀಟಿನ ಕಟ್ಟನ್ನು ಮನೆಯೊಳಗೆ ತರಕೂಡದೆಂಬ ಕಟ್ಟಳೆಯು ನಮ್ಮ ಅನೇಕ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದಷ್ಟೆ. ಚದುರಂಗದ ಮಣೆಯನ್ನು ಹಾಸಿದರೆ ಹುಡುಗನ ಬುದ್ಧಿ ಚುರುಕಾಗುವುದೆನ್ನುವ ಹಿರಿಯರೇ ಎಲೆಗಳನ್ನು ಹಂಚುವುದನ್ನು ಕಂಡೊಡನೆ ಹುಬ್ಬು ಗಂಟಿಕ್ಕುವರು. ಇದು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕತಕ್ಕದ್ದಲ್ಲ. ಎಲೆಯಾಟದ ಚಟದಿಂದ ಹೊಲಮನೆಗಳನ್ನು ಕಳೆದುಕೊಂಡವರ ಕಥೆ ಯಾವ ಊರಿನಲ್ಲಿ ಇಲ್ಲ? ಆದರೆ ಈಗ ಮಕ್ಕಳು ಕೇಳಿ ತರಿಸಿಕೊಳ್ಳುವ ಹೊಸ ಬಗೆಯ ಎಲೆಯಾಟಗಳ ವಿಷಯದಲ್ಲಿ ತಾಯಿತಂದೆಗಳು ಹೌದೆನ್ನಬೇಕೋ ಬೇಡವೆನ್ನಬೇಕೋ ಎಂಬುದನ್ನು ನಿಶ್ಚಯಿಸಲು, ಅವುಗಳಲ್ಲಿ ಅದೃಷ್ಟದ ಪಾಲೆಷ್ಟು, ಯುಕ್ತಿಯ ಪಾಲೆಷ್ಟು ಎಂಬುದನ್ನು ಕೊಂಚ ವಿಚಾರಿಸಿ ನೋಡುವುದು ಮೇಲು.

ಈ ಹೊಸ ಆಟಗಳಿಗೆ ‘ಕಟ್ಟು ಕಟ್ಟುವ ಆಟ’ಗಳೆಂದು ಹೆಸರಿಡಬಹುದು. ಇವುಗಳ ಮೊದಲಿಗನೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು ‘ಡೊಮಿನಿಯನ್’ ಎಂಬ ಆಟ. ಅಮೆರಿಕದ ಡೊನಾಲ್ಡ್ ಎಕ್ಸ್. ವಕ್ಕಾರಿನೋ ಎಂಬವರು ಇದನ್ನು ಕಲ್ಪಿಸಿದರು. 2008ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಜರ್ಮನಿಯಲ್ಲಿ ವರ್ಷದ ಶ್ರೇಷ್ಠ ಆಟಕ್ಕೆಂದು ಕೊಡುವ ‘ಶ್ಪೀಲ್ ದೆಸ್ ಯಾರೆಸ್’ ಎಂಬ ಬಹುಮಾನವನ್ನು ಗಳಿಸಿತು. ಇದಕ್ಕೆ ಮೊದಲು, 1993ರಲ್ಲಿ, ರಿಚರ್ಡ್ ಗಾರ್ಫೀಲ್ಡರ ‘ಮ್ಯಾಜಿಕ್’ ಎಂಬ ಆಟವು ಹೊರಟಿದ್ದಿತು. ಅದರಲ್ಲಿಯೂ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಆದರೆ ಆಟಕ್ಕೆ ಕೂರುವ ಮುನ್ನವೇ, ಅಂಗಡಿಯಿಂದ ಕೊಂಡ ಎಲೆಗಳಿಂದ. ಮುಚ್ಚಿದ ಪೊಟ್ಟಣದಲ್ಲಿ ಒಳ್ಳೆಯ ಎಲೆ ಸಿಕ್ಕೀತೆಂಬ ಆಸೆಯಿಂದ ಹುಡುಗರು ಮತ್ತೆ ಮತ್ತೆ ಕಾಸು ಸುರಿಯುವುದು ಅಲ್ಲಿಯ ದೋಷ. ಡೊಮಿನಿಯನ್ನಿನಲ್ಲಿ ಎಲ್ಲ ಎಲೆಗಳೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಕಟ್ಟನ್ನು ಕಟ್ಟುವುದೇ ಆಟ. ಹಣವಂತನಿಗೂ ಬಡವನಿಗೂ ಸಂತೆ ಒಂದೇ.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಪ್ರತಿಯೊಬ್ಬನಿಗೂ ಆರಂಭದಲ್ಲಿ ಹತ್ತು ಎಲೆಗಳು ದೊರೆಯುವುವು: ಏಳು ತಾಮ್ರದ ನಾಣ್ಯಗಳು, ಮೂರು ಸಣ್ಣ ಜಹಗೀರುಗಳು. ಇವನ್ನು ಕಲೆಸಿ ಐದೈದಾಗಿ ಕೈಗೆ ತೆಗೆದುಕೊಳ್ಳಬೇಕು. ಕೈಯಲ್ಲಿರುವ ನಾಣ್ಯಗಳ ಬೆಲೆಗೆ ತಕ್ಕಂತೆ ನಡುವಿನ ಸಂತೆಯಿಂದ ಒಂದು ಎಲೆಯನ್ನು ಕೊಳ್ಳಬಹುದು. ಮೂರು ನಾಣ್ಯಕ್ಕೆ ಬೆಳ್ಳಿ, ಆರಕ್ಕೆ ಚಿನ್ನ, ಎಂಟಕ್ಕೆ ಪ್ರಾಂತ್ಯ. ಇವಲ್ಲದೆ ಹಳ್ಳಿ, ಕಮ್ಮಾರಸಾಲೆ, ಮಾರುಕಟ್ಟೆ, ಮಾಟಗಾತಿ ಮೊದಲಾದ ಕೆಲಸದ ಎಲೆಗಳು ಹತ್ತು ಬಗೆ. ಕೊಂಡ ಎಲೆಯೂ ಆಡಿದ ಎಲೆಗಳೂ ಪಕ್ಕದ ರಾಶಿಗೆ ಹೋಗುವುವು. ತೆಗೆಯುವ ಎಲೆಗಳು ಮುಗಿದಾಗ ಆ ರಾಶಿಯನ್ನೇ ಕಲೆಸಿ ಹೊಸ ಕಟ್ಟು ಮಾಡಿಕೊಳ್ಳಬೇಕು. ಹೀಗೆ ಇಂದು ಕೊಂಡದ್ದು ನಾಳೆ ಕೈಗೆ ಬರುವುದು. ಪ್ರಾಂತ್ಯಗಳೆಲ್ಲ ಮುಗಿದರೆ, ಇಲ್ಲವೆ ಸಂತೆಯ ಯಾವುದಾದರೂ ಮೂರು ರಾಶಿಗಳು ಬರಿದಾದರೆ, ಆಟ ಮುಗಿಯಿತು. ಭೂಮಿಯ ಅಂಕಗಳು ಹೆಚ್ಚಾಗಿರುವವನು ಗೆದ್ದನು.

ಇಲ್ಲಿಯ ಸ್ವಾರಸ್ಯವನ್ನು ಗಮನಿಸಬೇಕು. ಗೆಲವನ್ನು ಕೊಡುವ ಭೂಮಿಯ ಎಲೆಗಳಿಂದ ಕೈಯಲ್ಲಿರುವಾಗ ಕಾಸಿನ ಪ್ರಯೋಜನವಿಲ್ಲ. ಒಂದು ಪ್ರಾಂತ್ಯಕ್ಕೆ ಆರು ಅಂಕಗಳುಂಟು, ಆದರೆ ಅದು ಕಟ್ಟಿನಲ್ಲಿ ಸೇರಿಕೊಂಡು ನಾಣ್ಯಗಳ ಜಾಗವನ್ನು ತಿನ್ನುವುದು. ಬೇಗ ಕೊಂಡವನ ಕೈ ಬೇಗ ಬರಿದಾಗುವುದು. ತಡಮಾಡಿದವನಿಗೆ ಕೊಳ್ಳಲು ಭೂಮಿಯೇ ಉಳಿಯಲಾರದು. ಬರುವ ಸಂಬಳವನ್ನೆಲ್ಲ ಒಡವೆಗೆ ಹಾಕಿ ತಿಂಗಳ ಕೊನೆಯಲ್ಲಿ ಸಾಲಕ್ಕೆ ಓಡುವ ಗೃಹಸ್ಥನಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅದೃಷ್ಟವೆಲ್ಲಿದೆ? ಮೊದಲ ಕಲೆಸುವಿಕೆಯಲ್ಲಿಯೇ ಇದೆ. ಏಳು ತಾಮ್ರಗಳು ಮೊದಲೆರಡು ಕೈಗಳಲ್ಲಿ ಹೇಗೆ ಹಂಚಿಹೋಗುವುವು? ನಾಲ್ಕು ಮತ್ತು ಮೂರಾಗಿ ಬರಬಹುದು. ಐದು ಮತ್ತು ಎರಡಾಗಿಯೂ ಬರಬಹುದು. ಹತ್ತು ಎಲೆಗಳಿಂದ ಐದನ್ನು ಆರಿಸುವ ಬಗೆಗಳು 252. ಅವುಗಳಲ್ಲಿ 42 ಬಗೆಗಳಲ್ಲಿ ಮಾತ್ರ ಐದು–ಎರಡರ ಹಂಚಿಕೆಯಾಗುವುದು. ಅಂದರೆ ಆರರಲ್ಲಿ ಒಂದು ಸಲ, ದಾಳದ ಒಂದು ಮುಖ ಬೀಳುವಷ್ಟು. ಐದು ನಾಣ್ಯಕ್ಕೆ ಮಾಟಗಾತಿ ದೊರೆಯುವಂತಿದ್ದರೆ, ಮೊದಲ ಸರದಿಯಲ್ಲೇ ಅವಳನ್ನು ಕೊಂಡವನು ಎದುರಾಳಿಯ ಕಟ್ಟಿಗೆ ಶಾಪದ ಎಲೆಗಳನ್ನು ತುಂಬತೊಡಗುವನು. ನಾಲ್ಕು–ಮೂರು ಬಂದವನು ಏನು ತಪ್ಪು ಮಾಡಿದನು? ಏನೂ ಇಲ್ಲ. ಇದು ಶುದ್ಧ ಅದೃಷ್ಟವೇ ಸರಿ.

ಆದರೂ ಈ ಅದೃಷ್ಟಕ್ಕೂ ಕವಡೆಯ ಅದೃಷ್ಟಕ್ಕೂ ಒಂದು ದೊಡ್ಡ ಭೇದವಿದೆ. ಕವಡೆಗೆ ನೆನಪಿಲ್ಲ. ಚೌಕಾಬಾರದಲ್ಲಿ ಹತ್ತು ಸಲ ಕೆಟ್ಟ ಗರ ಬಿದ್ದಿತೆಂದು ಹನ್ನೊಂದನೆಯ ಸಲ ಒಳ್ಳೆಯದು ಬೀಳುವುದೆಂಬ ನಿಯಮವೇನೂ ಇಲ್ಲ. ಹಾಗೆ ನಂಬಿದವರೇ ಜೂಜಿನಲ್ಲಿ ಮನೆ ಮಾರಿದವರು. ಎಲೆಗಳ ಕಟ್ಟಿಗಾದರೋ ನೆನಪುಂಟು. ಮೊದಲ ಕೈಯಲ್ಲಿ ಮೂರು ತಾಮ್ರ ಬಂದರೆ ಎರಡನೆಯದರಲ್ಲಿ ನಾಲ್ಕು ಬರಲೇಬೇಕು, ಏಕೆಂದರೆ ಬೇರೆಲ್ಲಿಗೂ ಅವು ಹೋಗಿಲ್ಲ. ಕೆಟ್ಟ ಕೈ ಬಂದುದೆಂದರೆ ಒಳ್ಳೆಯ ಎಲೆಗಳು ಇನ್ನೂ ಕಟ್ಟಿನಲ್ಲಿಯೇ ಕಾದಿವೆಯೆಂದರ್ಥ. ಹೋದ ಎಲೆಗಳನ್ನು ನೆನಪಿಟ್ಟವನಿಗೆ ಬರುವ ಎಲೆಗಳು ಅರ್ಧ ತಿಳಿದಂತೆಯೇ.

ನಳಮಹಾರಾಜನ ಕಥೆಯನ್ನು ಇಲ್ಲಿ ನೆನೆಯದಿರಲಾಗದು. ಪುಷ್ಕರನೊಡನೆ ಆಡಿ ರಾಜ್ಯವನ್ನು ಸೋತ ನಳನು ಋತುಪರ್ಣನ ಸಾರಥಿಯಾಗಿ ಹೋಗುತ್ತಿದ್ದಾಗ, ಆ ಅರಸನು ದಾರಿಯ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ಕಣ್ಣಳತೆಯಿಂದಲೇ ಎಣಿಸಿ ಹೇಳಿದನಂತೆ. ಆ ಎಣಿಕೆಯ ವಿದ್ಯೆಗೂ ಅಕ್ಷಹೃದಯಕ್ಕೂ ಸಂಬಂಧವುಂಟೆಂದು ಮಹಾಭಾರತವು ಹೇಳುವುದು. ನಳನು ಅಶ್ವಹೃದಯವನ್ನು ಕೊಟ್ಟು ಅದನ್ನು ಪಡೆದು, ಕಳೆದುದನ್ನು ಮರಳಿ ಗೆದ್ದನು. ಅದೃಷ್ಟವೆಂಬುದು ಎಣಿಕೆಗೆ ಸಿಕ್ಕತಕ್ಕ ವಸ್ತುವೆಂದು ನಮ್ಮವರು ಆಗಲೇ ಊಹಿಸಿದ್ದರೆನ್ನುವುದು ಚಿಕ್ಕ ಮಾತಲ್ಲ.

ಎಣಿಕೆಯನ್ನು ಡೊಮಿನಿಯನ್ನಿಗೆ ಹಚ್ಚಿ ನೋಡೋಣ. ಆರಂಭದ ಹತ್ತು ಎಲೆಗಳಲ್ಲಿ ಏಳು ನಾಣ್ಯಗಳಿರುವುದರಿಂದ ಐದೆಲೆಯ ಕೈಗೆ ಸರಾಸರಿ ಮೂರೂವರೆ ನಾಣ್ಯ ಬೀಳುವುದು. ಎರಡು ಬೆಳ್ಳಿಗಳನ್ನು ಕೊಂಡರೆ ಹನ್ನೆರಡು ಎಲೆಗಳಲ್ಲಿ ಹನ್ನೊಂದು ನಾಣ್ಯಗಳಾಗಿ, ಸರಾಸರಿ ನಾಲ್ಕೂವರೆಯನ್ನು ಸ್ವಲ್ಪ ಮೀರುವುದು. ಪ್ರಾಂತ್ಯಕ್ಕೆ ಎಂಟು ಬೇಕು. ಬೆಳ್ಳಿ ಚಿನ್ನಗಳನ್ನಷ್ಟೇ ಕೊಳ್ಳುತ್ತ ಹೋಗಿ ಎಂಟು ಬಂದಾಗ ಪ್ರಾಂತ್ಯ ಕೊಳ್ಳುವುದು ಸರಳವಾದ ಮಾರ್ಗ. ಇದನ್ನು ‘ದೊಡ್ಡ ಹಣ’ದ ಮಾರ್ಗವೆಂದು ಕರೆಯುವರು. ಬಣ್ಣಬಣ್ಣದ ಕೆಲಸದ ಎಲೆಗಳನ್ನು ಗೊತ್ತುಗುರಿಯಿಲ್ಲದೆ ಕೊಳ್ಳುವ ಹೊಸಬನನ್ನು ಈ ಸಪ್ಪೆ ಮಾರ್ಗವು ಸುಲಭವಾಗಿ ಸೋಲಿಸುವುದು. ಇದನ್ನು ಕಂಡು ಅನೇಕರು ನಾಚುವರು.

ಯುಕ್ತಿಯ ತಿರುಳು ಬೇರೆ ಕಡೆ ಇದೆ. ಪ್ರಾರ್ಥನಾಮಂದಿರವೆಂಬ ಎಲೆಗೆ ಬೆಲೆ ಎರಡೇ ನಾಣ್ಯ. ಅದನ್ನು ಆಡಿದವನು ಕೈಯಲ್ಲಿರುವ ನಾಲ್ಕು ಎಲೆಗಳವರೆಗೆ ಶಾಶ್ವತವಾಗಿ ಬಿಸಾಡಬಹುದು. ತನ್ನ ಸ್ವತ್ತನ್ನು ತಾನೇ ಬಿಸಾಡುವುದೆಂದರೆ ಹೊಸಬನಿಗೆ ಮನಸ್ಸೊಪ್ಪದು. ಆದರೆ ಮೂರು ಜಹಗೀರುಗಳನ್ನು ತೆಗೆದುಹಾಕಿದರೆ, ಮೊದಲಿನ ಏಳು ತಾಮ್ರಗಳಿಂದಲೇ ಐದೆಲೆಯ ಕೈ ಮೂರೂವರೆಗೆ ಬದಲಾಗಿ ಐದು ನಾಣ್ಯ ಕೊಡುವುದು. ಕಟ್ಟು ತೆಳುವಾದಷ್ಟೂ ಒಳ್ಳೆಯ ಎಲೆಗಳು ಬೇಗಬೇಗ ಮರಳುವುವು. ಕೊನೆಗೆ ಕಟ್ಟೆಲ್ಲವೂ ಒಂದೇ ಸರದಿಯಲ್ಲಿ ಕೈಗೆ ಬರುವಂತಾದರೆ ಕಲೆಸುವುದಕ್ಕೆ ಅರ್ಥವೇ ಉಳಿಯದು. ಚತುರನು ಅದೃಷ್ಟವನ್ನು ಒಲಿಸಿಕೊಳ್ಳುವ ಗೋಜಿಗೆ ಹೋಗದೆ ಅದು ನಿಲ್ಲುವ ಜಾಗವನ್ನೇ ಕಿರಿದುಮಾಡುವನು. ಇಲ್ಲಿಯೂ ವಿಧಿಯ ಕೈವಾಡ ಪೂರಾ ತಪ್ಪದು: ಮೊದಲೆರಡು ಸರದಿಗಳಲ್ಲಿ ಮಂದಿರವನ್ನೂ ಒಂದು ಬೆಳ್ಳಿಯನ್ನೂ ಕೊಂಡವನಿಗೆ ಹನ್ನೆರಡು ಎಲೆಗಳಾಗುವುವು, ಮುಂದಿನೆರಡು ಸರದಿಗಳಲ್ಲಿ ಹತ್ತು ಮಾತ್ರ ಹೊರಬರುವುವು. ಮಂದಿರವು ತಳದ ಎರಡರಲ್ಲಿ ಸಿಕ್ಕಿಬೀಳುವ ಸಂಭವ ಮತ್ತೆ ಆರರಲ್ಲಿ ಒಂದು.

ಆಟದ ಕೊನೆಯಲ್ಲಿಯೂ ಯುಕ್ತಿಗೆ ಎಡೆಯುಂಟು. ಇಬ್ಬರ ಆಟದಲ್ಲಿ ಪ್ರಾಂತ್ಯಗಳು ಎಂಟು. ಎರಡೇ ಉಳಿದಿವೆ, ಅಂಕಗಳಲ್ಲಿ ನೀವು ಹಿಂದಿದ್ದೀರಿ, ಕೈಯಲ್ಲಿ ಎಂಟು ನಾಣ್ಯಗಳಿವೆ ಎಂದುಕೊಳ್ಳಿ. ಆಸೆಯಿಂದ ಒಂದನ್ನು ಕೊಂಡರೆ ಎದುರಾಳಿಯು ಕೊನೆಯದನ್ನು ಕೊಂಡು ಆಟವನ್ನು ಮುಗಿಸಿಬಿಡುವನು. ತಿಳಿದವನು ಎಷ್ಟೋ ಸಲ ಪ್ರಾಂತ್ಯವನ್ನು ಮುಟ್ಟದೆ, ಮೂರಂಕದ ‘ಡಚಿ’ಯನ್ನು ಕೊಂಡು ಸುಮ್ಮನಾಗುವನು.

ಇನ್ನೊಂದು ಮಾತು. 2008ರ ಮೊದಲ ಆವೃತ್ತಿಯಲ್ಲಿ ಸಂತೆಯ ಹತ್ತು ಬಗೆಯ ಎಲೆಗಳನ್ನು ಪ್ರತಿ ಆಟಕ್ಕೂ ಇಪ್ಪತ್ತೈದರಿಂದ ಆರಿಸಿಕೊಳ್ಳಬೇಕಾಗಿದ್ದಿತು. ಹಾಗೆ ಆರಿಸುವ ಬಗೆಗಳು 32,68,760. ಆದುದರಿಂದ ಒಂದು ಆಟದ ಬಾಯಿಪಾಠವು ಮತ್ತೊಂದಕ್ಕೆ ಒದಗದು. ಇಲ್ಲಿ ಅದೃಷ್ಟವು ಮೊದಲು ಬಂದು, ಇಬ್ಬರಿಗೂ ಸಮನಾದ ಪ್ರಶ್ನೆಯನ್ನು ಮುಂದಿಟ್ಟು, ಬದಿಗೆ ಸರಿಯುವುದು. ನಿಶ್ಚಯ ಮಾಡಿದ ಮೇಲೆ ದಾಳ ಹಾಕಿ ಫಲ ತಿಳಿಯುವ ಆಟಗಳಿಗಿಂತ, ಎಲೆ ಕೈಗೆ ಬಂದಮೇಲೆ ನಿಶ್ಚಯ ಮಾಡುವ ಆಟಗಳಲ್ಲಿ ಸೋತವನ ಹೊಟ್ಟೆಯುರಿ ಕಡಮೆ.

ಮುಂದೆ ಬಂದ ಆಟಗಳೆಲ್ಲ ಈ ತೂಕವನ್ನು ಹೀಗೆಯೇ ಕಾಯ್ದುಕೊಂಡವೆನ್ನಲಾಗದು. 2010ರ ‘ಅಸೆನ್ಷನ್’, 2014ರ ‘ಸ್ಟಾರ್ ರೆಲ್ಮ್ಸ್’ ಎಂಬವುಗಳಲ್ಲಿ ಸಂತೆಯ ಎಲೆಗಳೂ ಕಲೆಸಿದ ರಾಶಿಯಿಂದಲೇ ಬರುವುವು. ಮೊದಲನೆಯದರಲ್ಲಿ ಆರು, ಎರಡನೆಯದರಲ್ಲಿ ಐದು ಎಲೆಗಳು ಮೇಲ್ಮುಖವಾಗಿರುವುವು. ನೀವು ಒಂದನ್ನು ಕೊಂಡೊಡನೆ ಅದರ ಜಾಗಕ್ಕೆ ಅಮೂಲ್ಯವಾದ ಎಲೆ ಬಂದು ಎದುರಾಳಿಯ ಪಾಲಾದರೆ ಮಾಡುವುದೇನು? ಆಟವು ಬೇಗ ಮುಗಿಯುವುದು, ಕಲಿಯಲು ಸುಲಭ. ಆದರೆ ನನ್ನ ಮಟ್ಟಿಗೆ ಹಳೆಯದೇ ರುಚಿಯಾದುದು. ಗಣಕಯಂತ್ರದಲ್ಲಿ ಒಬ್ಬನೇ ಆಡುವ ‘ಸ್ಲೇ ದ ಸ್ಪೈರ್’ (2019) ಎಂಬುದು ಮಾತ್ರ ಒಂದು ಜಾಣತನ ಮಾಡಿದೆ: ಶತ್ರುವು ಮುಂದೆ ಮಾಡಲಿರುವುದನ್ನು ಮೊದಲೇ ತೋರಿಸುವುದು, ಸಾಮಾನ್ಯ ಕಾಳಗವೊಂದನ್ನು ಗೆದ್ದಾಗ ಮೂರು ಎಲೆಗಳನ್ನು ನೀಡಿ, ಬೇಡವೆನ್ನುವುದಕ್ಕೂ ಅವಕಾಶ ಕೊಡುವುದು. ಬೇಡವೆನ್ನಲು ಕಲಿತವನೇ ಅಲ್ಲಿ ಮೇಲೇರುವನು.

ಒಂದು ಆಟದ ಸೋಲುಗೆಲವುಗಳಿಂದ ಜಾಣನನ್ನು ಗುರುತಿಸಲಾಗದೆಂಬುದನ್ನೂ ಲೆಕ್ಕದಿಂದ ತೋರಿಸಬಹುದು. ನೂರಕ್ಕೆ ಅರವತ್ತು ಆಟಗಳನ್ನು ಗೆಲ್ಲಬಲ್ಲವನು, ಮೂರರಲ್ಲಿ ಎರಡು ಗೆದ್ದವನೇ ವಿಜಯಿಯೆಂಬ ಪಂದ್ಯದಲ್ಲಿ ನೂರಕ್ಕೆ ಸುಮಾರು 65 ಸಲ ಗೆಲ್ಲುವನು. ಏಳರಲ್ಲಿ ನಾಲ್ಕು ಗೆಲ್ಲಬೇಕಾದ ಪಂದ್ಯದಲ್ಲಿ 71 ಸಲ. ಅಷ್ಟಾದರೂ ಉಳಿದ 29 ಪಂದ್ಯಗಳು ದುರ್ಬಲನವೇ. ಅಜ್ಜಿಯೂ ಮೊಮ್ಮಗಳೂ ಒಂದೇ ಚಾಪೆಯ ಮೇಲೆ ಕೂತು ಆಡುವಂತಾಗುವುದು ಈ 29ರ ಕೃಪೆಯಿಂದ. ಚದುರಂಗದಲ್ಲಿ ಹತ್ತು ಸಲ ಸೋತ ಮಗುವು ಹನ್ನೊಂದನೆಯ ಸಲಕ್ಕೆ ಮಣೆಯ ಹತ್ತಿರ ಬರುವುದೇ ಅಪರೂಪ.

ಜೂಜಿನ ವಿಷಯವಾಗಿ ನಮ್ಮ ನ್ಯಾಯಾಸ್ಥಾನಗಳು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡುದುಂಟು. ಆಂಧ್ರಪ್ರದೇಶದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕಾಗಿರುವುದರಿಂದಲೂ, ಇಟ್ಟುಕೊಳ್ಳುವುದಕ್ಕೂ ಬಿಡುವುದಕ್ಕೂ ಜಾಣ್ಮೆ ಬೇಕಾಗಿರುವುದರಿಂದಲೂ, ಅದು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. ಆದರೆ ಕೌಶಲವಿದ್ದ ಮಾತ್ರಕ್ಕೆ ಸಂಸಾರ ಉಳಿಯುವುದೆ? ರಮ್ಮಿಯು ಕೈಯಂತ್ರಗಳೊಳಗೆ ಸೇರಿ ರಾತ್ರಿಯೆಲ್ಲ ಹಣ ಸೆಳೆಯತೊಡಗಿದ ಮೇಲೆ, 2025ರ ಆಗಸ್ಟ್ ತಿಂಗಳಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಶಾಸನವು, ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳನ್ನು, ಅವು ಅದೃಷ್ಟದವಾಗಲಿ ಕೌಶಲದವಾಗಲಿ, ನಿಷೇಧಿಸಿತು. ಹಿರಿಯರ ಹುಬ್ಬುಗಂಟಿಗೆ ಕಾರಣವಾದದ್ದು ಎಲೆಯಲ್ಲ, ಒಡ್ಡಿದ ಹಣ. ಆ ದೃಷ್ಟಿಯಿಂದ ಶಾಸನವು ಅವರ ಪಕ್ಷವನ್ನೇ ಹಿಡಿದಂತಾಯಿತು.

ಡೊಮಿನಿಯನ್ನಿನ ತಾಮ್ರ ಚಿನ್ನಗಳು ಕಾಗದದವು. ಆಟ ಮುಗಿದೊಡನೆ ಪೆಟ್ಟಿಗೆಗೆ ಮರಳುವುವು. ಇಬ್ಬರಿಂದ ನಾಲ್ವರವರೆಗೆ ಆಡಬಹುದು. ಅಭ್ಯಾಸವಾದ ಮೇಲೆ ಅರ್ಧ ಗಂಟೆಯಲ್ಲಿ ಒಂದಾಟ ಮುಗಿಯುವುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾಟಗಾತಿಯನ್ನು ಮೊದಲ ಕೆಲವು ದಿನ ಪೆಟ್ಟಿಗೆಯಲ್ಲಿಯೇ ಬಿಟ್ಟಿರುವುದು ಲೇಸು. ಆರಂಭದ ಐದು–ಎರಡರ ಹಂಚಿಕೆಯಿಂದ ಜಗಳ ಬರುವಂತಿದ್ದರೆ, ಎಲ್ಲರಿಗೂ ನಾಲ್ಕು–ಮೂರರಂತೆಯೇ ಎಲೆಗಳನ್ನು ಜೋಡಿಸಿಕೊಟ್ಟು ಆಟವನ್ನು ಮೊದಲುಮಾಡಿದರೂ ನಡೆಯುವುದು.